ಹಿಂದಿನ ಕೋಣೆಯ ಚಳಿ

ಕೆಂಪು ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಬರಲಿಲ್ಲ. ಬಿಳಿಯದನ್ನು ಎಳೆದ. ಅದೂ ಬಿಗಿಯಾಗಿಯೇ ಇತ್ತು. ಎಫ್ರಾಯಿನ್ ಹಲ್ಲಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂಡ್ರೈವರನ್ನು ಕೈಗೆ ತೆಗೆದುಕೊಂಡು ಎರಡೂ ತಿರುಪುಗಳನ್ನು ಇನ್ನೊಂದು ಕಾಲು ಸುತ್ತು ತಿರುಗಿಸಿದ. ಮನೆ ಬಿಸಿ ಮಾಡುವ ಫರ್ನೇಸನ್ನು ಹತ್ತಿಸಿ ಆರಿಸುವ ಥರ್ಮೋಸ್ಟ್ಯಾಟಿನ ಮುಖವನ್ನು ಮತ್ತೆ ಗೋಡೆಗೆ ಒತ್ತಿದ. ಪುಟ್ಟ ಗಾಜಿನ ಮೇಲೆ ಅಂಕಿ ಮೂಡಿತು: ಎಪ್ಪತ್ತನಾಲ್ಕು.

"ಸುಳ್ಳು," ಅಂದ ಅದಕ್ಕೆ.

ಹಿಂದೆ ನೆಲಮಾಳಿಗೆಯ ಮೆಟ್ಟಿಲು ಕಿರುಗುಟ್ಟಿತು. ಮಾವ ಉರ್ಹೋ ಲಾಹ್ತಿ ಮೇಲೆ ಬಂದ. ಸೊಂಟಕ್ಕೆ ಒಂದು ಟವೆಲ್ಲು, ಅಷ್ಟೇ. ಎಪ್ಪತ್ತೊಂದು ವರ್ಷದ ಮೈ ಬೇಯಿಸಿದ ಬೀಟ್‌ರೂಟಿನ ಹಾಗೆ ಕೆಂಪಗಿತ್ತು, ಹೆಗಲಿಂದ ಹಬೆ ಏಳುತ್ತಿತ್ತು. ಶನಿವಾರ ಸಂಜೆ ಆರು ಗಂಟೆ. ಆ ಹೊತ್ತಿಗೆ ಫಿನ್ನಿಷ್ ವಲಸಿಗರು ನೆಲೆಸಿದ ಉತ್ತರದ ಊರಾದ ಹ್ಯಾನ್‌ಕಾಕಿನ ಅರ್ಧ ಜನ ಅದೇ ಬಣ್ಣದಲ್ಲಿರುತ್ತಾರೆ. ನೆಲಮಾಳಿಗೆಯಲ್ಲಿ ಸೌನಾ, ಮೂರು ಗಂಟೆಗೆ ಒಲೆಗೆ ಬೆಂಕಿ, ಕಲ್ಲು ಕಾದ ಮೇಲೆ ನೀರು ಚೆಲ್ಲಿ ಹಬೆಯಲ್ಲಿ ಕೂರುವುದು, ಆಮೇಲೆ ಕಾಫಿ. ಲಾಹ್ತಿಗಳ ಮನೆಯಲ್ಲಿ ಸತ್ತವರ ಮನೆಗೆ ಹೋಗುವುದು ತಪ್ಪಿದ್ದುಂಟು, ಇದು ತಪ್ಪಿದ್ದಿಲ್ಲ.

"ಮತ್ತೆ ಬಿಚ್ಚಿದ್ಯಾ?" ಅಂದ ಉರ್ಹೋ.

"ಫರ್ನೇಸ್ ನಿಂತುಬಿಟ್ಟಿದೆ ಸರ್. ಹಿಂದಿನ ರೂಮು ತಣ್ಣಗಾಗ್ತಿದೆ."

"ಎಪ್ಪತ್ನಾಕು ಅಂತ ಬರೆದಿದೆಯಲ್ಲಪ್ಪ. ನಾವು ಇಟ್ಟಿರೋದು ಅರವತ್ತೆಂಟು. ಮೇಲೆ ಆರು ಜಾಸ್ತೀನೇ ಇದೆ. ಅದ್ಯಾಕೆ ಉರಿಯತ್ತೆ?"

"ತಪ್ಪು ತೋರಿಸ್ತಿದೆ."

"ಹೋದ ವಾರ ತಾನೇ ಹಾಕಿದ್ದು. ಒಂದೇ ವಾರಕ್ಕೆ ಸುಳ್ಳು ಹೇಳೋದು ಕಲ್ತುಬಿಡ್ತಾ?" ಉರ್ಹೋ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೂಗಿದ. "ಸಿಲ್ವಿ! ಟೆಕ್ಸಾಸ್ ದೊರೆಗೆ ಚಳಿಯಂತೆ. ಒಂದು ಕಂಬಳಿ ಕೊಡು!"

ಹೋಗಿ ಹಿತ್ತಲ ಬಾಗಿಲನ್ನು ಒಂದು ಗೇಣು ತೆರೆದ. ಮೈ ಆರಲಿ ಅಂತ. ಹೊರಗೆ ಫ್ಯಾರನ್‌ಹೀಟಿನ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿತ್ತು. ಒಳಗೆ ಅದೇ ಲೆಕ್ಕದಲ್ಲಿ ಅರವತ್ತೆಂಟಿದ್ದರೆ ಒಂದು ಸ್ವೆಟರಿನಲ್ಲಿ ಹಾಯಾಗಿರಬಹುದು. ಐವತ್ತಕ್ಕೆ ಇಳಿದರೆ ಮಲಗಿದ ಮಗುವಿನ ಮೂಗು ತಣ್ಣಗಾಗುತ್ತದೆ.

ಹಿಂದಿನ ಕೋಣೆಯಲ್ಲಿ ಮಲಗಿದ್ದವಳು ಎಫ್ರಾಯಿನ್‌ನ ಮಗಳು ನೊಯೆಮಿ, ಐದು ವರ್ಷದವಳು. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಪುಪ್ಪುಸ ಅಷ್ಟಕ್ಕಷ್ಟೇ. ಮೂರು ಹೊದಿಕೆಯ ಕೆಳಗೆ ಕೆಮ್ಮುತ್ತಿದ್ದಳು.

ಊಟದ ಮೇಜಿನಲ್ಲಿ ಸಾಸೇಜು, ರೈ ಬ್ರೆಡ್ಡು, ಉಪ್ಪು ಮೀನು, ಕಾಫಿ. ಒವನ್ನಿನಲ್ಲಿ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಬೇಯುತ್ತಿತ್ತು. ಸಿಲ್ವಿಯ ಕೂದಲು ಇನ್ನೂ ಒದ್ದೆ. ಮಗಳು ಐಲಾಳ ಕೆನ್ನೆಯೂ ಕೆಂಪು. ಎಫ್ರಾಯಿನ್ ಒಬ್ಬನೇ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದ.

"ನಂಗೇನೂ ಅಂಥಾ ಚಳಿ ಅನ್ನಿಸ್ತಿಲ್ಲಪ್ಪ," ಅಂದಳು ಐಲಾ ಗಂಡನಿಗೆ, ಮೆಲ್ಲಗೆ.

"ನೀನು ಈಗ ತಾನೇ ಬೆಂದು ಬಂದಿದೀಯ."

"ಇವನೂ ಬಂದು ಕೂತ್ಕೊಂಡಿದ್ರೆ ಮೈ ಬಿಸಿಯಾಗ್ತಿತ್ತು," ಅಂದ ಉರ್ಹೋ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಮದುವೆಯಾಗಿ ಆರು ವರ್ಷ. ಒಂದಿನಾನೂ ಸೌನಾಕ್ಕೆ ಕಾಲಿಟ್ಟಿಲ್ಲ. ಮಾವನ ಮುಂದೆ ಬಟ್ಟೆ ಬಿಚ್ಚೋಕೆ ನಾಚಿಕೆಯಂತೆ. ಇವತ್ತಿಗೂ ಸರ್ ಅಂತಾನೆ."

"ನಮ್ಮ ಕಡೆ ದೊಡ್ಡೋರಿಗೆ ಹಂಗೇ ಅನ್ನೋದು ಸರ್."

"ನೋಡು, ಮತ್ತೆ."

ಸಿಲ್ವಿ ನಕ್ಕಳು. ಆಮೇಲೆ ನಗಬಾರದಿತ್ತು ಅನ್ನಿಸಿ ಎದ್ದು ಒವನ್ನು ನೋಡಲು ಹೋದಳು.

ಭಾನುವಾರ ಬೆಳಿಗ್ಗೆ ಎಲ್ಲ ಸರಿಯಿತ್ತು. ನೆಲದ ಜಾಲರಿಗಳಿಂದ ಬಿಸಿಗಾಳಿ ಬರುತ್ತಿತ್ತು. ಅಂಕಿ ಅರವತ್ತೆಂಟು. ಉರ್ಹೋ ಕಾರಿಡಾರಿನಲ್ಲಿ ನಿಂತು ಅದನ್ನು ಬೆರಳಿಂದ ತಟ್ಟಿ, ಹಿಮ ಎತ್ತಿಹಾಕಲು ಹೊರಗೆ ಹೋದ.

*

ಹಳೆಯ ಥರ್ಮೋಸ್ಟ್ಯಾಟು ಹಜಾರದ ಗೋಡೆಯಲ್ಲಿತ್ತು. ಮೂವತ್ತು ವರ್ಷ ದುಡಿದು ಹೊಸ ವರ್ಷದ ಹಿಂದಿನ ದಿನ ಕೆಟ್ಟಿತು. ಹೊಸದನ್ನು ಐಲಾ ತಂದಳು. ಎಫ್ರಾಯಿನ್ ದೋಣಿ ರಿಪೇರಿಯ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವನು, ತಂತಿ ಕೆಲಸ ಅವನಿಗೆ ಹೊಸದಲ್ಲ. ತಾನೇ ಹಾಕುತ್ತೇನೆ ಅಂದ. ನವೆಂಬರಿನಲ್ಲಿ ದಕ್ಷಿಣದ ಟೆಕ್ಸಾಸಿನಿಂದ ಬಂದು ಅತ್ತೆ ಮನೆ ಸೇರಿದ ಮೇಲೆ ಆ ಮನೆಯಲ್ಲಿ ಅವನ ಕೈಗೆ ಸಿಕ್ಕಿದ ಮೊದಲ ಕೆಲಸ ಅದು. ಹಳೆಯ ಜಾಗ ಬೇಡ ಅಂದವನು ಉರ್ಹೋ. "ಇಸ್ಪೀಟಿಗೆ ಬಂದೋರೆಲ್ಲ ತಿರುಗಿಸ್ತಾರೆ." ಕಾರಿಡಾರಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾನೇ ಗುರುತು ಹಾಕಿ, ತಾನೇ ಡ್ರಿಲ್ ಹಿಡಿದು ತೂತು ಕೊರೆದ. ಎಫ್ರಾಯಿನ್ ಕೆಳಗಿಂದ ತಂತಿ ಎಳೆದು ಜೋಡಿಸಿದ.

ಈಗ ಅವನು ಬೆಳಗಿನ ಹೊತ್ತು, ಮಧ್ಯಾಹ್ನ ಎರಡು ಗಂಟೆಗೆ ಶುರುವಾಗುವ ಪಾಳಿಗೆ ಹೋಗುವ ಮೊದಲು, ಒಂದೊಂದೇ ನೋಡತೊಡಗಿದ. ಬ್ಯಾಟರಿ ಬದಲಿಸಿದ. ಕೈಪಿಡಿ ಓದಿ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿಂದ ಹೊಂದಿಸಿದ. ಫರ್ನೇಸಿನ ಫಿಲ್ಟರ್ ತೆಗೆದು ಹೊಸದು ತುರುಕಿದ. ಅದರ ಬಾಗಿಲು ಸರಿಯಾಗಿ ಕೂತಿದೆಯೇ ಅಂತ ಮೊಣಕಾಲಿಂದ ಒತ್ತಿದ. ಒಳಗಿನ ಹಸಿರು ದೀಪ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸಿದ. ದೋಷವಿದ್ದರೆ ಎಣಿಕೆ ಬೇರೆಯಾಗಬೇಕು, ಆಗಲಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ಮನೆ ಬೆಚ್ಚಗಿತ್ತು.

ಶನಿವಾರ ಐಲಾ ಸೌನಾಕ್ಕೆ ಇಳಿಯಲಿಲ್ಲ. ನೊಯೆಮಿಗೆ ಜ್ವರ ಬಂದ ಹಾಗಿತ್ತು, ಪಕ್ಕದಲ್ಲಿ ಕೂತು ಕಥೆ ಓದುತ್ತಿದ್ದಳು. ಐದು ಗಂಟೆಗೆ ಪುಸ್ತಕ ಹಿಡಿದ ಬೆರಳು ನೋಯತೊಡಗಿತು. ಐದೂವರೆಗೆ ನೆಲದ ಜಾಲರಿಯ ಮೇಲೆ ಅಂಗೈ ಇಟ್ಟು ನೋಡಿದಳು. ಗಾಳಿ ಇಲ್ಲ. ಎದ್ದು ಕಾರಿಡಾರಿಗೆ ಹೋದಳು. ಎಪ್ಪತ್ತೈದು.

"ಅಪ್ಪ!" ಅಂತ ಮೆಟ್ಟಿಲ ತುದಿಯಿಂದ ಕೂಗಿದಳು. "ಬಾ ಇಲ್ಲಿ. ಈ ರೂಮು ನೋಡು."

ಉರ್ಹೋ ಟವೆಲ್ಲಿನಲ್ಲೇ ಬಂದ. ಬರಿಗಾಲಲ್ಲಿ ಕೋಣೆಯ ನಡುವೆ ನಿಂತ. ಒದ್ದೆ ಹೆಜ್ಜೆಗಳು ಮರದ ಮೇಲೆ ಮೂಡಿದವು.

"ಏನಾಗಿದೆ ಇದಕ್ಕೆ? ಹಾಯಾಗಿದೆ."

"ಚಳಿ ಅಪ್ಪ."

"ನೀನೂ ಶುರು ಮಾಡಿದ್ಯಾ? ಈ ರೂಮಲ್ಲೇ ಹದಿನೆಂಟು ವರ್ಷ ಬೆಳೆದಿದೀಯ ನೀನು."

"ಹೌದು. ಕಿವಿ ನೋವು ತಿನ್ಕೊಂಡು ಬೆಳೆದೆ. ಆಗಲೂ ಹೀಗೇ ಅಂತಿದ್ದೆ ನೀನು. ಹಾಯಾಗಿದೆ, ಹಾಯಾಗಿದೆ."

"ಒಂದು ಮಾತು ಕೇಳ್ತೀನಿ." ಉರ್ಹೋ ಬಾಗಿಲಲ್ಲಿ ನಿಂತಿದ್ದ ಅಳಿಯನ ಕಡೆ ಗದ್ದ ತೋರಿಸಿದ. "ವಾರ ಪೂರ್ತಿ ಸರಿ ಇರತ್ತೆ. ವಾರ ಪೂರ್ತಿ ಸಾಯಂಕಾಲ ಇವನು ಮನೇಲಿರಲ್ಲ. ಶನಿವಾರ ಇರ್ತಾನೆ, ಶನಿವಾರಾನೇ ಕೆಡತ್ತೆ. ಯಾಕೆ?"

"ಭಾನುವಾರಾನೂ ಇರ್ತೀನಲ್ಲ ಸರ್."

"ಭಾನುವಾರ ಮಲಗಿರ್ತೀಯ. ಎದ್ದಿರೋವಾಗ ಕೈ ಸುಮ್ನಿರಲ್ಲ ನಿಂದು. ಬಿಚ್ತೀಯ, ಹಾಕ್ತೀಯ, ಬಿಚ್ತೀಯ, ಹಾಕ್ತೀಯ. ಮೂವತ್ತೊಂದು ವರ್ಷ ಹಿಮ ಬಳಿಯೋ ಲಾರಿ ಓಡಿಸಿದೀನಿ ನಾನು. ಓಡ್ತಿರೋ ಇಂಜಿನ್ನಿಗೆ ಕೈ ಹಾಕಬಾರದು."

ಆ ಸಂಜೆ ಬಟ್ಟೆ ಮಡಚುವಾಗ ಐಲಾ ಎಫ್ರಾಯಿನ್‌ನನ್ನು ಕೇಳಿದಳು: "ನಿಜ ಹೇಳು. ಮಧ್ಯಾಹ್ನ ಏನಾದ್ರೂ ಮುಟ್ಟಿದ್ಯಾ?"

"ಮುಟ್ಟಿಲ್ಲ."

"ಸರಿ."

"ಸರಿ ಅಂದ್ರೆ?"

"ಸರಿ ಅಂದ್ರೆ ಸರಿ." ಕಾಲುಚೀಲಗಳನ್ನು ಜೋಡಿ ಮಾಡಿ ಪೆಟ್ಟಿಗೆಗೆ ಎಸೆದಳು.

*

ಮಂಗಳವಾರ ಬೋಡ್ರಿ ಬಂದ. ಆ ಕಡೆಯ ಫರ್ನೇಸುಗಳನ್ನೆಲ್ಲ ರಿಪೇರಿ ಮಾಡುವವನು ಅವನೇ. ಬೂಟು ಬಿಚ್ಚದೆ ಯಾವ ಮನೆಯೊಳಗೂ ಕಾಲಿಡದವನು. ಎರಡು ತಾಸು ನೆಲಮಾಳಿಗೆಯಲ್ಲಿ ಮಲಗಿ, ಎದ್ದು, ಮೀಟರ್ ಹಿಡಿದು ನೋಡಿದ. ಜ್ವಾಲೆ ಹತ್ತಿತು, ಆರಿತು, ಹತ್ತಿತು. ಕಾರಿಡಾರಿನಲ್ಲಿ ಥರ್ಮೋಸ್ಟ್ಯಾಟಿನ ಮುಖ ತೆಗೆದು ತಂತಿ ನೋಡಿ ತಲೆಯಾಡಿಸಿದ.

"ಇದು ಯಾರು ಮಾಡಿದ್ದು?"

"ನಾನು," ಅಂದ ಎಫ್ರಾಯಿನ್.

"ಚೆನ್ನಾಗಿ ಮಾಡಿದೀಯ. ಎಲ್ಲ ಸರಿ ಇದೆ. ಕೆಟ್ಟಾಗ ಕರೀರಿ. ಸರಿ ಇದ್ದಾಗ ನಾನು ಏನಂತ ಹುಡುಕಲಿ?"

"ಶನಿವಾರ ಸಾಯಂಕಾಲ ಬರ್ತೀರಾ?"

ಬೋಡ್ರಿ ನಕ್ಕ. "ಶನಿವಾರ ಸಾಯಂಕಾಲ ನಿನ್ನ ಹೆಂಡತಿ ಊರಲ್ಲಿ ಯಾರು ಕೆಲಸ ಮಾಡ್ತಾರಪ್ಪ? ನಾನೂ ಸೌನಾದಲ್ಲಿರ್ತೀನಿ. ಹೆಸರು ಫ್ರೆಂಚು, ಹೆಂಡತಿ ಫಿನ್ನಿಷ್."

ಅವನ ವ್ಯಾನು ಹೋದ ಮೇಲೆ ಉರ್ಹೋ ಕಿಟಕಿಯಿಂದ ತಿರುಗಿದ. "ಸರಿ ಇದೆಯಂತೆ. ಬೋಡ್ರಿ ಹೇಳಿದ ಮೇಲೆ ಮುಗೀತು. ಇನ್ನು ಆ ಡಬ್ಬಿಗೆ ಯಾರೂ ಕೈ ಹಾಕಬೇಡಿ."

ಸಿಲ್ವಿ ಅಟ್ಟದಿಂದ ಒಂದು ಕರೆಂಟಿನ ಹೀಟರು ಇಳಿಸಿಕೊಂಡು ಬಂದಳು. ಉರ್ಹೋ ಅದನ್ನು ಅವಳ ಕೈಯಿಂದ ಇಸಿದುಕೊಂಡು ಮತ್ತೆ ಅಟ್ಟಕ್ಕೆ ಹಾಕಿದ. ಹಿಂದಿನ ಕೋಣೆಯ ವೈರಿಂಗು ಹಳೆಯದು; ಅವನ ಅಣ್ಣನ ಮನೆ ಸುಟ್ಟದ್ದು ಅಂಥದೇ ಒಂದು ಹೀಟರಿನಿಂದ. ಅದರ ಮೇಲೆ ಯಾರೂ ವಾದ ಮಾಡಲಿಲ್ಲ.

"ಮಗೂನ ಮಹಡಿ ಮೇಲೆ ನಮ್ಮ ರೂಮಲ್ಲಿ ಮಲಗಿಸೋಣ್ವಾ?" ಅಂದಳು ಸಿಲ್ವಿ.

"ಅದು ರಾತ್ರಿಯೆಲ್ಲ ಕೆಮ್ಮತ್ತೆ. ನಾನು ನಾಲ್ಕೂವರೆಗೆ ಏಳಬೇಕು."

"ಎದ್ದು ಏನು ಮಾಡ್ತೀಯ ಉರ್ಹೋ? ರಿಟೈರಾಗಿ ಒಂಬತ್ತು ವರ್ಷ ಆಯ್ತು."

"ಏಳ್ತೀನಿ," ಅಂದ ಅವನು.

ಮೂರನೆಯ ಶನಿವಾರ ಅಂಕಿ ಎಪ್ಪತ್ತಾರಕ್ಕೆ ಹೋಯಿತು. ಎಫ್ರಾಯಿನ್ ಅದನ್ನು ಮುಟ್ಟಲಿಲ್ಲ. ಮಗಳನ್ನು ತನ್ನ ಕೋಟಿನೊಳಗೆ ಸೇರಿಸಿಕೊಂಡು ಅಡುಗೆಮನೆಯ ಒವನ್ನಿನ ಮುಂದೆ ಕೂತ. ಮಗುವಿನ ಪಕ್ಕೆ ಉಸಿರೆಳೆದಾಗಲೆಲ್ಲ ಒಳಗೆ ಹೋಗುತ್ತಿತ್ತು. ಉರ್ಹೋ ಒದ್ದೆ ಕೂದಲಿನಲ್ಲಿ ಬಂದು ಸಾಸೇಜು ಕತ್ತರಿಸಿದ. "ಸ್ವಲ್ಪ ಬಾಗಿಲು ತೆಗೀರಿ, ಸೆಕೆ," ಅಂದ.

ಐಲಾ ಎದ್ದಳು. ಬಾಗಿಲಿನ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ತೆಗಿ ನೋಡೋಣ," ಅಂದಳು.

ಉರ್ಹೋ ಮಗಳನ್ನು ನೋಡಿದ. ಸಾಸೇಜಿನ ತುಂಡು ಬಾಯಿಗೆ ಹಾಕಿಕೊಂಡು ಅಗಿದ.

ಭಾನುವಾರ ಬೆಳಿಗ್ಗೆ ನೊಯೆಮಿಯನ್ನು ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾ. ನಾಲ್ಕು ದಿನ ಮೂಗಿಗೆ ಆಮ್ಲಜನಕದ ನಳಿಕೆ. ಸಿಲ್ವಿ ದಿನವೂ ಒಂದು ಡಬ್ಬಿಯಲ್ಲಿ ಮಗುವಿಗೆ ಇಷ್ಟವಾದ ಅಕ್ಕಿ ಪಾಯಸ ಒಯ್ದಳು. ಉರ್ಹೋ ಒಂದು ಸಲ ಬಂದ. ಮಂಚದ ಕಾಲ ಬಳಿ ಟೋಪಿ ಹಿಡಿದು ಹತ್ತು ನಿಮಿಷ ನಿಂತು, ಪಾರ್ಕಿಂಗಿನ ಹಿಮ ಸರಿಯಾಗಿ ಬಳಿದಿಲ್ಲ ಅಂತ ಹೇಳಿ ಹೊರಟುಹೋದ.

ಗುರುವಾರ ಬಿಡುಗಡೆಯಾದಾಗ ಐಲಾ ಕಾರನ್ನು ಮನೆಯ ಕಡೆ ತಿರುಗಿಸಲಿಲ್ಲ. ಅವಳು ಕೆಲಸ ಮಾಡುವ ಶಾಲೆಯ ಟೀಚರೊಬ್ಬಳ ಗ್ಯಾರೇಜಿನ ಮೇಲೆ ಒಂದು ಕೋಣೆ ಖಾಲಿಯಿತ್ತು.

"ಎಷ್ಟು ದಿನ?" ಅಂತ ಕೇಳಿದ ಎಫ್ರಾಯಿನ್.

"ಆ ರೂಮು ಬೆಚ್ಚಗಿರತ್ತೆ ಅಂತ ಗ್ಯಾರಂಟಿ ಆಗೋ ತನಕ. ನೀನೂ ಬಂದುಬಿಡು."

"ನಾನು ಬಂದ್ರೆ, ಟೆಕ್ಸಾಸಿನೋನು ಮನೆ ಕೆಡಿಸಿ ಓಡಿಹೋದ ಅಂತಾರೆ. ಈ ಶನಿವಾರ ಒಂದು ನೋಡ್ತೀನಿ."

"ನಿಂಗೆ ಗೆಲ್ಲಬೇಕು."

"ನನಗೆ ಅವಳು ಮಲಗೋಕೆ ಒಂದು ರೂಮು ಬೇಕು," ಅಂದ.

*

ಅವನು ಮೂರು ಥರ್ಮಾಮೀಟರ್ ತಂದ. ತೋಟಗಾರರು ಗಿಡದ ಮನೆಯಲ್ಲಿ ಹಾಕುವಂಥ ಅಗ್ಗದವು. ಒಂದನ್ನು ಹಜಾರದಲ್ಲಿ, ಒಂದನ್ನು ಕಾರಿಡಾರಿನಲ್ಲಿ ಥರ್ಮೋಸ್ಟ್ಯಾಟಿನಿಂದ ನಾಲ್ಕು ಹೆಜ್ಜೆ ಆಚೆ, ಒಂದನ್ನು ಹಿಂದಿನ ಕೋಣೆಯಲ್ಲಿ ಮಗಳ ಹಾಸಿಗೆಯ ತಲೆಯ ಮೇಲೆ ನೇತುಹಾಕಿದ.

"ಮನೆನಾ ಇದು, ಮೊಟ್ಟೆ ಮರಿ ಮಾಡಿಸೋ ಕಾರ್ಖಾನೆನಾ?" ಅಂದ ಉರ್ಹೋ.

"ಅತ್ತೆ, ಅರ್ಧರ್ಧ ಗಂಟೆಗೆ ಬರ್ಕೊಳ್ತೀರಾ? ನಾನು ಬರೆದ್ರೆ ನಾನೇ ತಿದ್ದಿದೆ ಅಂತ ಆಗತ್ತೆ."

ಸಿಲ್ವಿ ಗಂಡನ ಮುಖ ನೋಡಿದಳು. ಆಮೇಲೆ ಕ್ಯಾಲೆಂಡರಿನ ಹಿಂದಿನ ಹಾಳೆ ಹರಿದುಕೊಂಡು ಪೆನ್ಸಿಲ್ ಹುಡುಕಿದಳು.

ಎರಡೂವರೆಗೆ ಮೂರರಲ್ಲೂ ಅರವತ್ತೇಳು. ಮೂರಕ್ಕೆ ಉರ್ಹೋ ಕೆಳಗಿಳಿದು ಬರ್ಚ್ ಕಟ್ಟಿಗೆಗೆ ಬೆಂಕಿ ಕೊಟ್ಟ. ನಾಲ್ಕಕ್ಕೆ ಗೋಡೆಯ ಡಬ್ಬಿ ಎಪ್ಪತ್ತೊಂದು ಅಂದಿತು. ಅದರಿಂದ ನಾಲ್ಕು ಹೆಜ್ಜೆ ಆಚೆಯ ಥರ್ಮಾಮೀಟರ್ ಅರವತ್ತೈದು. ಸಿಲ್ವಿ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದಳು. ಬರೆದಳು. ಐದಕ್ಕೆ ಹಿಂದಿನ ಕೋಣೆಯಲ್ಲಿ ಐವತ್ತಾರು. ಆರಕ್ಕೆ ಐವತ್ತೊಂದು. ಡಬ್ಬಿ: ಎಪ್ಪತ್ತಾರು. ಆ ದಿನ ಸಿಲ್ವಿ ಸೌನಾಕ್ಕೆ ಇಳಿದಿರಲಿಲ್ಲ. ಹಾಳೆ ಹಿಡಿದುಕೊಂಡೇ ಶಾಲು ಹೊದ್ದಳು, ಅದರ ಮೇಲೆ ಗಂಡನ ಕೋಟು ಹಾಕಿಕೊಂಡಳು.

ಉರ್ಹೋ ಮೇಲೆ ಬಂದ. ಕೆಂಪು, ಹಬೆ, ಟವೆಲ್ಲು.

"ಬನ್ನಿ ಸರ್," ಅಂದ ಎಫ್ರಾಯಿನ್ ಹಿಂದಿನ ಕೋಣೆಯ ಬಾಗಿಲು ತೆರೆದು.

ಉರ್ಹೋ ಒಳಗೆ ಬಂದು ನಿಂತ. "ಹಾಯಾಗಿದೆ."

"ಕೂತ್ಕೊಳ್ಳಿ." ನೊಯೆಮಿಯ ಪುಟ್ಟ ಕುರ್ಚಿಯನ್ನು ಮುಂದೆ ಸರಿಸಿದ. "ಒಂದು ಗಂಟೆ. ಆಮೇಲೂ ಹಾಯಾಗಿದೆ ಅಂದ್ರೆ ನಾನು ಈ ಮನೇಲಿ ಯಾವ ತಿರುಪೂ ಮುಟ್ಟಲ್ಲ."

"ಹುಚ್ಚು."

"ಹೆದರಿಕೆನಾ?"

ಉರ್ಹೋ ಕೂತ. ಮಗುವಿನ ಕುರ್ಚಿ, ಮೊಣಕಾಲು ಎದೆಯ ಮಟ್ಟಕ್ಕೆ ಬಂತು. ಎಫ್ರಾಯಿನ್ ಹಾಸಿಗೆಯ ಅಂಚಿನಲ್ಲಿ ಕೂತ. ಸಿಲ್ವಿ ಬಾಗಿಲಲ್ಲಿ ನಿಂತಳು.

ಮೊದಲ ಕಾಲು ಗಂಟೆ ಉರ್ಹೋ ಮಾತಾಡಿದ. ತೊಂಬತ್ತಾರರ ಚಳಿಗಾಲ, ಕಂಬ ಮುಚ್ಚಿಹೋದ ಹಿಮ, ಡೀಸೆಲ್ಲು ಗಟ್ಟಿಯಾದದ್ದು. ಅವನ ಹೆಗಲಿನ ಹಬೆ ನಿಂತಿತು. ಕೆಂಪು ಮೊದಲು ಎದೆಯಿಂದ ಇಳಿಯಿತು, ಆಮೇಲೆ ತೋಳಿಂದ. ಇಪ್ಪತ್ತೈದನೆಯ ನಿಮಿಷಕ್ಕೆ ಮಾತು ನಿಂತಿತು. ಒದ್ದೆ ಕೂದಲಿಂದ ಒಂದು ಹನಿ ಬೆನ್ನಿಗೆ ಜಾರಿದಾಗ ಬೆಚ್ಚಿದ. ಪಾದ ಒಂದರ ಮೇಲೊಂದು ಇಟ್ಟುಕೊಂಡ.

"ನನ್ನ ಕೋಟು ಎಲ್ಲಿ?" ಅಂತ ಕೇಳಿದ ಹೆಂಡತಿಯನ್ನು.

"ನಾನು ಹಾಕ್ಕೊಂಡಿದೀನಿ," ಅಂದಳು ಸಿಲ್ವಿ. ಬಿಚ್ಚಲಿಲ್ಲ.

ನಲವತ್ತನೆಯ ನಿಮಿಷಕ್ಕೆ ಅವನ ದವಡೆ ನಡುಗತೊಡಗಿತು. ಅದನ್ನು ನಿಲ್ಲಿಸಲು ಹಲ್ಲು ಕಚ್ಚಿದ. ಮುದುಕನ ಎದೆ, ಬಿಳಿ ರೋಮ, ಟವೆಲ್ಲಿನ ಕೆಳಗೆ ನೀಲಿ ನರಗಳ ಕಾಲು. ಎಫ್ರಾಯಿನ್‌ಗೆ ನೋಡಲಾಗಲಿಲ್ಲ. ಎದ್ದು ಹಾಸಿಗೆಯ ಹೊದಿಕೆ ತೆಗೆದು ಮಾವನ ಹೆಗಲಿಗೆ ಹಾಕಲು ಹೋದ. ಉರ್ಹೋ ಅದನ್ನು ಮೊಣಕೈಯಿಂದ ತಳ್ಳಿ ಎದ್ದು ನಿಂತ.

"ಸಾಕು."

ಕಾರಿಡಾರಿಗೆ ನಡೆದ. ಎಫ್ರಾಯಿನ್ ಹಿಂದೆಯೇ ಹೋಗಿ ಡಬ್ಬಿಯ ಮುಖ ತೆಗೆದ, ಹಿಂಬದಿಯ ತಟ್ಟೆಯನ್ನೂ ಗೋಡೆಯಿಂದ ಬಿಚ್ಚಿದ. ಅದರ ಹಿಂದೆ ಗೋಡೆಯಲ್ಲಿ ತಂತಿ ಬರುವ ತೂತು. ಎರಡು ಸಣ್ಣ ತಂತಿಗೆ ಪೆನ್ಸಿಲಿನಷ್ಟು ಸಾಕಿತ್ತು, ಹೆಬ್ಬೆರಳು ಹೋಗುವಷ್ಟಿತ್ತು. ಅಲ್ಲಿಂದ ಗಾಳಿ ಬರುತ್ತಿತ್ತು, ಬಿಸಿ. ಬರ್ಚ್ ಹೊಗೆಯ, ಒದ್ದೆ ಮರದ, ಸೋಪಿನ ವಾಸನೆ. ಈ ಗೋಡೆಯ ನೇರ ಕೆಳಗೆ ಸೌನಾ. ಅಲ್ಲಿಯ ಶಾಖ ಗೋಡೆಯ ಪೊಳ್ಳಿನಲ್ಲಿ ಚಿಮಣಿಯ ಹಾಗೆ ಮೇಲೆದ್ದು ಈ ತೂತಿನಿಂದ ನೆಟ್ಟಗೆ ಥರ್ಮೋಸ್ಟ್ಯಾಟಿನ ಬೆನ್ನಿಗೆ ಊದುತ್ತಿತ್ತು. ಮನೆ ಬೆಚ್ಚಗಿದೆ ಅಂತ ಅದು ಫರ್ನೇಸನ್ನು ಆರಿಸುತ್ತಿತ್ತು.

"ಕೈ ಇಡಿ ಸರ್."

ಉರ್ಹೋ ಅಂಗೈ ಇಟ್ಟ. ಬಹಳ ಹೊತ್ತು ಇಟ್ಟುಕೊಂಡ. ಅವನಿಗೆ ಚಳಿಯಾಗಿತ್ತು.

"ಡ್ರಿಲ್ಲಿಗೆ ಸಣ್ಣ ಬಿಟ್ ಸಿಕ್ಕಿರಲಿಲ್ಲ," ಅಂದ ಕೊನೆಗೆ. "ದೊಡ್ಡದರಲ್ಲೇ ಕೊರೆದೆ."

ಪೆಟ್ಟಿಗೆಯಿಂದ ಕಿಟಕಿಗೆ ಹಚ್ಚುವ ಪುಟ್ಟಿ ತಂದು, ನಿಂಬೆಹಣ್ಣಿನಷ್ಟು ಉಂಡೆ ಮಾಡಿ ತಾನೇ ತೂತಿಗೆ ತುರುಕಿದ. ಎಫ್ರಾಯಿನ್ ಡಬ್ಬಿಯನ್ನು ಮತ್ತೆ ಜೋಡಿಸಿದ. ಮೂವರೂ ಕಾರಿಡಾರಿನಲ್ಲಿ ನಿಂತು ಅಂಕಿ ನೋಡಿದರು. ಎಪ್ಪತ್ತೈದು. ಎಪ್ಪತ್ತೆರಡು. ಅರವತ್ತೊಂಬತ್ತು. ಅರವತ್ತೇಳಕ್ಕೆ ಇಳಿದಾಗ ಕೆಳಗೆ ಏನೋ ಟಿಕ್ಕೆಂದಿತು, ಆಮೇಲೆ ಫರ್ನೇಸು ಭುಸ್ಸೆಂದು ಹತ್ತಿಕೊಂಡಿತು.

"ಅಷ್ಟೇ?" ಅಂದಳು ಸಿಲ್ವಿ. "ಒಂದು ಉಂಡೆ ಪುಟ್ಟಿ?" ಕೈಯ ಹಾಳೆಯನ್ನು ನೋಡಿದಳು, ಮಡಚಿದಳು, ಮತ್ತೆ ಬಿಡಿಸಿದಳು. ಅಳತೊಡಗಿದಳು.

ಉರ್ಹೋ ಶರಟು ಪ್ಯಾಂಟು ಹಾಕಿಕೊಂಡು ಬಂದು ಅಡುಗೆಮನೆಯ ಗೋಡೆಯ ಫೋನೆತ್ತಿದ. ಗ್ಯಾರೇಜಿನ ಮೇಲಿನ ಕೋಣೆಯ ನಂಬರನ್ನು ಸಿಲ್ವಿ ಒಂದೊಂದೇ ಅಂಕಿ ಹೇಳಿದಳು. ಆ ಹಳೆಯ ಫೋನಿನಲ್ಲಿ ಆ ಕಡೆಯ ಮಾತು ಎದುರು ನಿಂತವರಿಗೂ ಕೇಳುತ್ತದೆ.

"ಐಲಾ. ಅಪ್ಪ."

"ಹೇಳು."

"ರೂಮು ಬೆಚ್ಚಗಾಗ್ತಿದೆ. ಗೋಡೆ ತೂತಿಂದ ಸೌನಾ ಗಾಳಿ ಬರ್ತಿತ್ತು. ಮುಚ್ಚಿದೀನಿ."

"ಹೌದಾ."

"ನಿನ್ನ ಗಂಡನ ತಪ್ಪಲ್ಲ. ತೂತು ನಂದು."

ಆ ಕಡೆ ಮಗುವಿನ ಕೆಮ್ಮು ಕೇಳಿತು. ಒಣ ಕೆಮ್ಮು, ಮೂರು ಸಲ.

"ಕೂತು ನೋಡಿದೆ ಆ ರೂಮಲ್ಲಿ," ಅಂದ ಉರ್ಹೋ. "ನಲವತ್ತು ನಿಮಿಷ. ಚಳಿ ಇತ್ತು."

"ನಾನು ಹೇಳಿದ್ದೆ."

"ಗೊತ್ತು."

"ಎರಡು ವಾರ ಹೇಳಿದೆ ಅಪ್ಪ. ಅವನು ಮೂರು ವಾರ ಹೇಳಿದ. ಅವಳು ಐದು ವರ್ಷದೋಳು, ಅವಳೂ ಹೇಳಿದ್ಲು. ನೀನು ಡಬ್ಬಿ ನೋಡಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದೆ."

ಉರ್ಹೋ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಎಫ್ರಾಯಿನ್ ಕಿಟಕಿಯ ಹೊರಗೆ ನೋಡುತ್ತಿದ್ದ.

"ನಮ್ಮ ರೂಮು ನೀವು ತಗೊಳ್ಳಿ," ಅಂದ ಉರ್ಹೋ. "ಮೇಲಿಂದು. ಇಡೀ ಮನೇಲಿ ಅದೇ ಬಿಸಿ. ನಾನು ಅಮ್ಮ ಹಿಂದಿನ ರೂಮಲ್ಲಿ ಮಲಗ್ತೀವಿ. ಹಾಸಿಗೆ ಈಗಲೇ ಇಳಿಸ್ತೀನಿ. ಟ್ರಕ್ ಬಿಸಿ ಮಾಡ್ಕೊಂಡು ಬರ್ತೀನಿ, ಇಪ್ಪತ್ತು ನಿಮಿಷ. ಮಗೂಗೆ ಹೊದಿಸಿ ರೆಡಿ ಮಾಡು."

"ಬೇಡ."

"ನಾಳೆ ಬೆಳಿಗ್ಗೆ ಬರ್ಲಾ ಹಾಗಾದ್ರೆ?"

"ಬೇಡ ಅಪ್ಪ," ಅಂದಳು ಐಲಾ. "ನಾವು ಬರಲ್ಲ."